ಮಣ್ಣಿಗೆಷ್ಟು ಕಳೀತಾರೆ

ಸೂಟ್‌ಕೇಸು ಇಪ್ಪತ್ಮೂರು ಕಿಲೋ ಮೀರಬಾರದೆಂದಿದ್ದರು.
ಅಪ್ಪ ಅದನ್ನು ಸ್ಕೂಟರಿನ ಮುಂದಿಟ್ಟುಕೊಂಡು
ಫ್ಯಾಕ್ಟರಿಗೇ ಒಯ್ದ,
ಕಬ್ಬಿನ ಲಾರಿ ತೂಗುವ ತನ್ನ ಕಟ್ಟೆಯ ಮೇಲಿಟ್ಟ.
ಕೆಂಪಂಕಿ ಒಮ್ಮೆ ಇಪ್ಪತ್ತೆಂದಿತು, ಒಮ್ಮೆ ಮೂವತ್ತು.
“ಈ ಸಣ್ಣ ಲೆಕ್ಕವೆಲ್ಲ ಇದಕ್ಕೆ ಬರಾಕಿಲ್ಲ ಕಣವ್ವ.”
ಕೊನೆಗೆ ಗುಜರಿ ಕರೀಮಣ್ಣನ ಕೊಕ್ಕೆತಕ್ಕಡಿಯಲ್ಲಿ ತೂಗಿದೆವು:
ಇಪ್ಪತ್ತೈದೂವರೆ.
ಅಮ್ಮ ಹುರಿಟ್ಟಿನ ಡಬ್ಬಿ ತೆಗೆದಳು,
ಬೆಲ್ಲ ತೆಗೆಯಲಿಲ್ಲ.

ಕ್ಲಬ್ಬಿನ ಅಧ್ಯಕ್ಷರು, ಟೈರು ಅಂಗಡಿಯ ಶಿವನಂಜಪ್ಪನವರು,
ನೀಲಿ ಕೋಟು ತೊಡಿಸಿ, ಎದೆಗೆ ಬಿಲ್ಲೆ ಚುಚ್ಚಿ,
“ಇನ್ನು ನೀನು ಮಂಡ್ಯದ ಹುಡುಗಿಯಲ್ಲ,
ಭಾರತದ ರಾಯಭಾರಿ” ಎಂದರು.
ಭಾರತವನ್ನು ನಾನು ನೋಡಿದ್ದು ಇಷ್ಟು:
ಗುತ್ತಲು, ಕಲ್ಲಹಳ್ಳಿ,
ರೈಲಿನ ಕಿಟಕಿಯಿಂದ ಎಲಿಯೂರು,
ಒಮ್ಮೆ ಧರ್ಮಸ್ಥಳ, ದಾರಿಯಲ್ಲಿ ಎರಡು ಸಲ ವಾಂತಿ.

ಡೆನ್ಮಾರ್ಕಿನ ಆ ಊರಲ್ಲಿ
ಮೂರು ವಾರದ ಮಟ್ಟಿಗೆ ಬಿರ್ಗಿಟ್ ಎಂಬ ತಾಯಿ ಸಿಕ್ಕಳು.
ಹಸಿರು ಟವೆಲು ನನ್ನದು, ಹಳದಿ ಅವಳ ಮಗಳದು.
ಬಚ್ಚಲಲ್ಲಿ ಬಕೆಟ್ಟು ಹುಡುಕಿದೆ;
ಕೇಳಲು ನಾಚಿ
ಗಿಡಕ್ಕೆ ನೀರೆರೆಯುವ ತಗಡಿನ ಪಾತ್ರೆಯಲ್ಲಿ ಮಿಂದೆ.
ಸಂಜೆ ಆರಕ್ಕೇ ಊಟ, ಮೇಣದಬತ್ತಿ ಹಚ್ಚಿ.
“ಕರೆಂಟು ಹೋಯ್ತಾ?” ಎಂದೆ.
ಅವರಿನ್ನೂ ಅದನ್ನು ಹೇಳಿಕೊಂಡು ನಗುತ್ತಾರಂತೆ.

ಅವರ ಕ್ಲಬ್ಬಿನಲ್ಲಿ ಹತ್ತು ನಿಮಿಷ
‘ನನ್ನ ದೇಶ’ ಎಂದು ಮಾತಾಡಬೇಕಿತ್ತು.
ಶಿವನಂಜಪ್ಪನವರೇ ಪೆನ್‌ಡ್ರೈವಿಗೆ ತುಂಬಿಕೊಟ್ಟ ಚಿತ್ರಗಳು:
ಅರಮನೆ, ನವಿಲು, ಯಾರದೋ ಶೀರ್ಷಾಸನ, ಹಿಮಾಲಯ.
ನಾನು ನೋಡದ ಹಿಮಾಲಯಕ್ಕೆ ಬಂದಾಗ
ಸೆಕೆಯೆಂದು ಯಾರೋ ಕಿಟಕಿ ತೆರೆದರು.

ಬಂತು ವಾಸನೆ.
ಬೇಯುವ ಕಾಕಂಬಿಯದು, ಒದ್ದೆ ಸಿಪ್ಪೆಯದು,
ಮೂಗಿನ ಹಿಂದೆ ಕೂತು ಏಳದ ಆ ಸಿಹಿ ಕಮಟು.
ನಮ್ಮೂರಿಗೆ ಬಂದ ನೆಂಟರು ಕರವಸ್ತ್ರ ತೆಗೆಯುತ್ತಾರಲ್ಲ,
ಅದೇ.
“ಕ್ಷಮಿಸು, ಊರಾಚೆ ಸಕ್ಕರೆ ಕಾರ್ಖಾನೆ,
ಬಿಳಿ ಗೆಡ್ಡೆ ಅರೆಯುವ ಹಂಗಾಮು” ಎಂದರು.
ಕ್ಷಮಿಸುವುದೇನು,
ಹಾಲುಹಲ್ಲು ಉದುರಿದ್ದೇ ನನಗೆ ಆ ವಾಸನೆಯಲ್ಲಿ.

ಹಿಮಾಲಯ ಗೋಡೆಯ ಮೇಲೆ ಹಾಗೇ ಇರಲಿ ಎಂದು
ಫೋನು ತೆಗೆದು ಹಿಡಿದೆ:
ಆಯುಧಪೂಜೆ, ನಮ್ಮಪ್ಪ, ಕುಂಕುಮ ಬಳಿದ ತೂಕದ ಕಟ್ಟೆ,
ಬೂದುಗುಂಬಳದ ಚೂರೊಂದು
ಮ್ಯಾನೇಜರ ಬಿಳಿ ಪ್ಯಾಂಟಿಗೆ ಹಾರಿದ್ದು.

ಹಿಂದಿನ ಸಾಲಿನಿಂದ ಎದ್ದ
ಓವೆ ಎಂಬ ಅಜ್ಜ, ಎಡಗಿವಿಗೆ ಯಂತ್ರ.
ಮೂವತ್ತೊಂದು ವರ್ಷ ಗೆಡ್ಡೆ ತೂಗಿದವನಂತೆ.
“ಮಣ್ಣಿಗೆ ಎಷ್ಟು ಕಳೆಯುತ್ತಾರೆ ನಿಮ್ಮಪ್ಪ?”
ಗೆಡ್ಡೆಗಂಟಿದ ಮಣ್ಣನ್ನು ಕಳೆದಿದ್ದಕ್ಕೆ
ಎಷ್ಟೋ ರೈತರು ಮಾತು ಬಿಟ್ಟಿದ್ದರಂತೆ,
ಒಬ್ಬ ಮಗಳ ಮದುವೆಗೂ ಕರೆಯಲಿಲ್ಲವಂತೆ.
ನಾನೆಂದೆ, ನಮ್ಮಲ್ಲಿ ಮಣ್ಣಲ್ಲ, ಸೋಗೆ;
ಜಗಳ ಮಾತ್ರ ಇದೇ.
ಸೋಗೆಗೆ ಇಂಗ್ಲಿಷು ಸಿಗದೆ
ತೋಳೆತ್ತಿ ಗಾಳಿಗೆ ಆಡಿಸಿ ತೋರಿಸಿದೆ.
ನಲವತ್ತು ಜನ ತೋಳೆತ್ತಿ
ಒಂದು ಗಳಿಗೆ ಕಬ್ಬಿನ ಗದ್ದೆಯಾದರು.

ಮರಳಿದ ಮೇಲೆ ಸನ್ಮಾನ, ಶಾಲು, ಮೋಸಂಬಿ.
“ಏನು ಕಲಿತೆ, ಎರಡು ಮಾತು.”
ಟವೆಲಿನ ಬಣ್ಣ ಹೇಳಿದೆ.
ಚಪ್ಪಾಳೆ ಸರಿಯಾಗಿ ಬೀಳಲಿಲ್ಲ.

ಎರಡನೇ ಪಾಳಿ ಮುಗಿಸಿ ಅಪ್ಪ ಬಂದ.
ಸಮುದ್ರ, ವಿಮಾನ ಯಾವುದನ್ನೂ ಕೇಳಲಿಲ್ಲ.
ಓವೆ ಕೊಟ್ಟ ಸಕ್ಕರೆಯ ಪೊಟ್ಟಣ ಬಿಚ್ಚಿ
ನಾಕು ಹರಳು ನಾಲಿಗೆಗಿಟ್ಟು
“ನಮ್ದೇ ತರ ಅದೆ” ಎಂದ,
ಅದಕ್ಕೇ ಯಾಕೋ ಸ್ವಲ್ಪ ಸಪ್ಪಗಾದ.
ದೀಪ ಆರಿಸಿ ಎಷ್ಟೋ ಹೊತ್ತಾದ ಮೇಲೆ
ಗೋಡೆಯಾಚೆಯಿಂದ ದನಿ:
“ಅಲ್ಲಾ ಕಣವ್ವ, ಆವಯ್ಯ
ಮಣ್ಣಿಗೆ ಎಷ್ಟು ಕಳೀತಿದ್ನಂತೆ?”