ಕೊಳ್ಳುವ ಮುನ್ನ ಕೆಳಗೆ ಬನ್ನಿ

ಬಾಲ್ಕನಿ ನೋಡಿ ಆಯಿತಲ್ಲ, ಡೋರೀನ್ ಅವರೇ,
ಏಳನೆಯ ಮಹಡಿ, ಕೊಲ್ಲಿ ಪೂರ್ತಿ ಕಣ್ಣೆದುರು.
ಏಜೆಂಟ್ ಹುಡುಗ ಎಲ್ಲರನ್ನೂ ಸಂಜೆ ಆರೂವರೆಗೇ ಕರೆತರುತ್ತಾನೆ,
ಸೂರ್ಯನಿಗೂ ಕಮಿಷನ್ನಿನಲ್ಲಿ ಪಾಲಿದ್ದಂತೆ.
ಈಗ ನನ್ನ ಜೊತೆ ಒಂದು ಗಳಿಗೆ ಕೆಳಗೆ ಬನ್ನಿ.
ಲಿಫ್ಟು ಬೇಡ, ಅದರದ್ದು ಬೇರೆಯೇ ಕತೆ.
ಮೆಟ್ಟಿಲು.

ನಾನು ಓದ್ನೆಲ್. ಇಪ್ಪತ್ತಾರು ವರ್ಷದಿಂದ ಇಲ್ಲಿ ದುರಸ್ತಿಯವ.
ಹೈಟಿಯಲ್ಲಿ ಅಪ್ಪ ದೋಣಿ ಕಟ್ಟುತ್ತಿದ್ದ.
ಹಲಗೆಗೆ ದುಡ್ಡು ಕೊಡುವ ಮುಂಚೆ
ಬೆರಳ ಗೆಣ್ಣಿನಿಂದ ಬಡಿದು ಕಿವಿ ಇಡುತ್ತಿದ್ದ,
ಮಾರುವವನ ಮಾತು ಅಲ್ಲಿಗೆ ನಿಲ್ಲುತ್ತಿತ್ತು.
ಈ ಕಂಬಕ್ಕೆ ಬಡಿಯಿರಿ. ಗಟ್ಟಿ.
ಇದಕ್ಕೆ?
ಕೇಳಿಸಿತಲ್ಲ, ಹಣ್ಣಾದ ಕಲ್ಲಂಗಡಿಯ ದನಿ.

ಕಾಂಕ್ರೀಟಿನ ಒಳಗೆ ಕಬ್ಬಿಣ.
ಕಬ್ಬಿಣಕ್ಕೆ ತುಕ್ಕು ಹಿಡಿದರೆ ಬಾತುಕೊಳ್ಳುತ್ತದೆ,
ಹಲ್ಲುನೋವಿನ ಕೆನ್ನೆಯ ಹಾಗೆ,
ಬಾತದ್ದು ಒಂದು ದಿನ ಸಿಡಿದು
ಯಾರದೋ ಕಾರಿನ ಬಾನೆಟ್ಟಿನ ಮೇಲೆ ಬೂದುಬಣ್ಣದ ಚಕ್ಕೆ.
ಉಪ್ಪು ತಿಂದವರು ನೀರು ಕುಡಿಯಲೇಬೇಕು.
ಈ ಕಟ್ಟಡ ತಿಂದದ್ದು ನಲವತ್ತೊಂಬತ್ತು ವರ್ಷದ ಉಪ್ಪು,
ಕುಡಿಯುತ್ತಲೇ ಇದೆ.

ಅಕ್ಟೋಬರ್ ಹುಣ್ಣಿಮೆಯ ಭರತಕ್ಕೆ ಒಮ್ಮೆ ಬನ್ನಿ, ಯಾರಿಗೂ ಹೇಳದೆ.
ಆಕಾಶದಲ್ಲಿ ಚೂರು ಮೋಡವಿರುವುದಿಲ್ಲ,
ಆದರೂ ಇಲ್ಲಿ, ಮೂವತ್ತೊಂದನೇ ನಂಬರಿನ ಜಾಗದಲ್ಲಿ,
ಚರಂಡಿಯೊಳಗಿಂದ ಹಿಂದಕ್ಕೆ ಹತ್ತಿ ಬಂದ ಕಡಲು
ಪಾದ ಮುಳುಗುವಷ್ಟು.
ಹೋದ ವರ್ಷ ಮೀನೊಂದು ಬಂದಿತ್ತು,
ಪಾರ್ಕಿಂಗ್ ಚೀಟಿ ಇಲ್ಲದೆ.

ಸಂಘದ ಮೀಟಿಂಗಿನ ನಡಾವಳಿ ಕೇಳಿ, ಐದು ವರ್ಷದ್ದು.
ಕೊಡಬೇಕು, ಕೊಡುತ್ತಾರೆ, ಮುಖ ಗಂಟುಹಾಕಿಕೊಂಡು.
ಈಜುಕೊಳದ ಛತ್ರಿಗೆ ಯಾವ ನೀಲಿ ಎಂದು ಹನ್ನೊಂದು ಪುಟ,
ಕೊಳದ ಅಡಿಯ ಸೋರಿಕೆಗೆ ಒಂದೇ ಸಾಲು:
ಮುಂದೂಡಲಾಯಿತು.
ಆ ಪದವನ್ನು ಎಣಿಸುತ್ತಾ ಹೋಗಿ.
ಕೂಡಿಟ್ಟ ನಿಧಿ ಎಷ್ಟಿದೆ, ವಿಮೆ ಕಂಪನಿ ಎಷ್ಟು ಸಲ ಬದಲಾಯಿತು,
ಇಂಜಿನಿಯರ್ ವರದಿಯ ಮೊದಲ ಪುಟ ಮಾತ್ರ ಕೈಗಿತ್ತರೆ
ಉಳಿದ ಎಂಬತ್ತು ಪುಟ ಎಲ್ಲಿ ಮಲಗಿವೆ?

ಎರ್ಮಿನಿಯಾ ಎಂಬಾಕೆ ಇದ್ದಳು, ಮದುವೆಯ ಗೌನು ಹೊಲಿಯುವವಳು.
ದುರಸ್ತಿಯ ಮಾತು ಬಂದಾಗಲೆಲ್ಲ
ಬೇಡ ಎಂದು ಮೊದಲು ಎದ್ದ ಕೈ ಅವಳದ್ದೇ.
ತಪ್ಪೆನ್ನಲಾರೆ. ತಿಂಗಳ ಕೊನೆಗೆ ಅವಳಲ್ಲಿ ಉಳಿಯುತ್ತಿದ್ದದ್ದು
ಅರವತ್ತು ಡಾಲರು, ಕೆಲವೊಮ್ಮೆ ನಲವತ್ತು.
ಆಮೇಲೆ ಮುಂದೂಡಿದ್ದೆಲ್ಲ ಒಟ್ಟಿಗೆ ಬಂತು, ಒಂದು ಲಕೋಟೆಯಲ್ಲಿ.
ಮನೆಯೊಂದಕ್ಕೆ ಎಂಬತ್ತನಾಲ್ಕು ಸಾವಿರ.
ಇಲ್ಲಿ, ಈ ಬೋರಲು ಬಕೆಟ್ಟಿನ ಮೇಲೆ ಕೂತು ಮೂರು ಸಲ ಓದಿದಳು.
ಕನ್ನಡಕ ಒರೆಸಿಕೊಂಡು ಕೇಳಿದಳು,
“ಓದ್ನೆಲ್, ಈ ಅಲ್ಪವಿರಾಮ ಸರಿಯಾದ ಜಾಗದಲ್ಲಿದೆಯಾ?”

ಅವಳ ಮನೆಯನ್ನೇ ನೀವು ಈಗ ನೋಡಿಬಂದದ್ದು.
ಕಿಟಕಿಯ ಬಳಿ ನೆಲದಲ್ಲಿ ನಾಲ್ಕು ಗುಳಿ ಕಂಡಿರಬೇಕು,
ಹೊಲಿಗೆ ಯಂತ್ರದ ಕಾಲಿನವು.
ಬಾಲ್ಕನಿಯ ಸೂರಿನಲ್ಲಿ ಬಲಮೂಲೆ
ಉಳಿದದ್ದಕ್ಕಿಂತ ಒಂದಿಷ್ಟು ಹೆಚ್ಚು ಬೆಳ್ಳಗಿದೆ,
ಅದನ್ನೂ ಕಂಡಿರಾ?
ಮಂಗಳವಾರ ನನ್ನ ಕೈಗೆ ಡಬ್ಬಿ ಕೊಟ್ಟರು.
ಮೇಲೆ ಥಳಕು, ಒಳಗೆ ಹುಳುಕು,
ನಡುವಿನ ಎರಡು ಕೋಟಿಂಗ್ ನನ್ನದು.

ಕೊಳ್ಳಬೇಡಿ ಅನ್ನುತ್ತಿಲ್ಲ.
ಮೂವತ್ತು ವರ್ಷ ಆಸ್ಪತ್ರೆಯ ರಾತ್ರಿಪಾಳಿ ಮುಗಿಸಿದವರು ನೀವು,
ಎದ್ದ ಕೂಡಲೇ ನೀರು ಕಾಣಬೇಕೆಂಬ ಆಸೆ
ಯಾಕೆ ಅಂತ ನಾನು ಕೇಳುವುದಿಲ್ಲ.
ಕಂತಿನ ಹಣ ಬಾಕಿ ಇದ್ದರೆ ಅದು ಯಾರ ತಲೆಗೆ ಎಂದು ಮಾತ್ರ
ಬರೆಸಿಕೊಳ್ಳಿ. ಸಹಿಗೆ ಮುಂಚೆ
ಬೆರಳು ಮಡಚಿ ಬಡಿಯಿರಿ,
ಗೋಡೆಗೆ, ಕಂಬಕ್ಕೆ, ಬೇಕಾದರೆ ನನ್ನ ಮಾತಿಗೂ.

ಅಗೋ, ಹುಡುಗ ಬೀಗದ ಕೈ ಕುಣಿಸುತ್ತಾ ಬಂದ.
ಕೇಳಿದರೆ, ಲಿಫ್ಟಿನ ವಿಷಯ
ಮಾತಾಡುತ್ತಿದ್ದೆವು ಅನ್ನಿ.