ತಾಮ್ರದ ತೂಕ

ಗಣಿತದ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ
ನೀಲಾಂಬಿಕೆ ಬರೆದುಕೊಂಡಿದ್ದಳು:
ಪ್ರೊಸೆಸರು, ಬೋರ್ಡು, ರ‍್ಯಾಮು ಹದಿನಾರು,
ಗ್ರಾಫಿಕ್ಸ್ ಕಾರ್ಡಿನ ಎದುರು ಒಂದು ನಕ್ಷತ್ರ,
ಗೆರೆ ಎಳೆದು ಮೂವತ್ತೆಂಟು ಸಾವಿರ.
ಅದರ ಕೆಳಗೆ ಪೆನ್ಸಿಲ್ಲಿನಲ್ಲಿ, ಸಣ್ಣಗೆ:
ಅಪ್ಪ ಒಪ್ಪಿದರೆ ನಲವತ್ತು.

ಸಾಕಿನಾಕಾದಲ್ಲಿ ಮೋಟಾರು ಸುತ್ತುವವನು ನಾನು.
ಸುಟ್ಟ ಮೋಟಾರಿನ ಹೊಟ್ಟೆ ಬಗೆದು ತೆಗೆದ ತಾಮ್ರವನ್ನು
ಮಾಲೀಕ ನನಗೇ ಬಿಡುತ್ತಾನೆ.
ಕಿಲೋ ಲೆಕ್ಕದಲ್ಲಿ ಮಾರಿ, ಎರಡು ದೀಪಾವಳಿ ದಾಟಿಸಿ
ಕೂಡಿಸಿದ ದುಡ್ಡು ಒಳಗಿನ ಕಿಸೆಯಲ್ಲಿ.
ದಾದರಿನ ಸೇತುವೆಯ ಮೇಲೆ ಗಾಡಿ ಬದಲಿಸುವಾಗ
ಅದರ ಮೇಲೊಂದು ಕೈ, ಮಗಳ ಮೇಲೊಂದು ಕಣ್ಣು.
"ಫ್ರಿಜ್ಜಿನ ಬಾಗ್ಲಾ ಹಗ್ಗ ಕಟ್ಟಿ ಮುಚ್ಚತೀನಿ ನಾನು,"
ಅಷ್ಟೇ ಅಂದಿದ್ದಳು ಅವಳವ್ವ,
ಡಬ್ಬಿ ಮಾತ್ರ ಇಬ್ಬರಿಗೂ ಕಟ್ಟಿ ಕೊಟ್ಟಿದ್ದಳು.

ಲ್ಯಾಮಿಂಗ್ಟನ್ ರೋಡು.
ಮೆಟ್ಟಿಲ ಕೆಳಗೂ ಅಂಗಡಿ, ಅಂಗಡಿಯೊಳಗೂ ಅಂಗಡಿ.
ಹಂಸರಾಜಭಾಯಿ ಚಹಾ ತರಿಸಿ
ಗಾಜಿನ ಬಾಗಿಲಿನ ಡಬ್ಬವೊಂದಕ್ಕೆ ಗುಂಡಿ ಒತ್ತಿದ.
ಮೂರು ಫ್ಯಾನು, ಏಳು ಬಣ್ಣ, ಪಕ್ಕಾ ಗಣಪತಿಯ ಮಂಟಪ,
ಒಳಗೆ ಗಣಪತಿಯೇ ಇಲ್ಲ.
ನಾನು ಮರುಳಾದೆ, ಸುಳ್ಳು ಯಾಕೆ ಹೇಳಲಿ.
"ಬಣ್ಣ ಬ್ಯಾಡ ಬಿಡಪ್ಪಾ," ಅಂದಳು ಇವಳು,
"ಅದರ ರೊಕ್ಕ ಕಾರ್ಡಿಗೆ ಹಾಕೋಣ."

ಹದಿನೈದರ ಹುಡುಗಿ
ಮುದುಕಿ ಬದನೆಕಾಯಿ ಆರಿಸಿದ ಹಾಗೆ
ಒಂದೊಂದನ್ನೂ ತಿರುವಿ ತಿರುವಿ ಕೇಳುತ್ತಿದ್ದಳು.
ಅವಳ ಮಾತು ನನಗೆ ಕಾಲುಭಾಗ ತಿಳಿಯಿತು.

ಹಳೆಯ ಕಾರ್ಡೊಂದನ್ನು ಒಳಗಿಂದ ತಂದರು, ಅರ್ಧ ಬೆಲೆ,
"ಆರೇ ತಿಂಗಳು ವಾಪರಿಸಿದ್ದು, ಮನೆಯವರದ್ದು."
ಅವಳ ಕಣ್ಣು ಆ ನಕ್ಷತ್ರದ ಹಾಗೆ ಐದು ಮೂಲೆಗೂ ಅರಳಿತು.
ನಾನು ಎತ್ತಿ ಮೂಸಿದೆ.
ಅಂಗಡಿಯ ಹುಡುಗರು ನಕ್ಕರು.
ಹಗಲು ರಾತ್ರಿ ಕಾದು ಕಾದು ಬೆಂದ ವಾರ್ನಿಶ್ಶಿನ ವಾಸನೆ
ಗಂಧದೆಣ್ಣೆ ಒರೆಸಿದರೂ ಹೋಗುವುದಿಲ್ಲ.
ಕೆಳಗಿಟ್ಟೆ. ಹಂಸರಾಜಭಾಯಿ ನಗಲಿಲ್ಲ.

ಪಟ್ಟಿಯ ತಳದಲ್ಲಿ ಒಂದು ಸಾಲು ಉಳಿದಿತ್ತು:
ಪವರ್ ಸಪ್ಲೈ – ಯಾವುದಾದರೂ.

ಯಾವುದಾದರೂ!
ಇಪ್ಪತ್ತೆರಡು ವರ್ಷ ನಾನು ರಿಪೇರಿ ಮಾಡಿದ್ದು
ಈ ಒಂದು ಶಬ್ದವನ್ನೇ.

ಎಂಟುನೂರರದ್ದು ಒಂದು ಕೈಯಲ್ಲಿ,
ಮೂರು ಸಾವಿರದ್ದು ಇನ್ನೊಂದರಲ್ಲಿ,
ಕಣ್ಣು ಮುಚ್ಚಿ ತೂಗಿದೆ.
ಮೊದಲನೆಯದು ಮಂಡಕ್ಕಿ ಪೊಟ್ಟಣ.
"ಹಿಡಿ ನೋಡು, ಹಗರ ಐತಿ. ಒಳಗ ತಾಮ್ರ ಇಲ್ಲ.
ಇದು ಸಾಯೋ ದಿನ ಒಂದ ಸಾಯಂಗಿಲ್ಲ,
ನಿನ್ನ ನಕ್ಷತ್ರಾನೂ ಕರಕೊಂಡು ಹೋಗತೈತಿ."
ಅವಳು ಹಿಡಿದಳು. ಎರಡು ಸಲ ಕೈ ಬದಲಿಸಿದಳು.
ಆಮೇಲೆ ಪೆನ್ಸಿಲ್ಲು ತೆಗೆದು
ನಕ್ಷತ್ರದ ಕಾರ್ಡನ್ನು ಹೊಡೆದು ಹಾಕಿ
ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಹೊಸದನ್ನು ಬರೆದಳು.
ಮುಖ ಸಣ್ಣದಾಗಿತ್ತು.
ಗ್ರ್ಯಾಂಟ್ ರೋಡಿನವರೆಗೂ ಮಾತಿಲ್ಲ,
ಡಬ್ಬಿಯ ಚಪಾತಿ ಪ್ಲಾಟ್‌ಫಾರ್ಮಿನಲ್ಲಿ ನಿಂತೇ ತಿಂದೆವು.

ಜರಿಮರಿಯ ನಮ್ಮ ಖೋಲಿಗೆ ಅರ್ಥಿಂಗ್ ಇರಲಿಲ್ಲ.
ಇಷ್ಟು ವರ್ಷ ನನಗೇ ಬೇಕೆನಿಸಿರಲಿಲ್ಲ,
ಊರಿನ ಮೋಟಾರಿಗೆಲ್ಲ ಹಾಕಿಕೊಟ್ಟವನು.
ಭಾನುವಾರ ನಳದ ಪಕ್ಕದ ನೆಲ ಅಗೆದು
ಉಪ್ಪು, ಇದ್ದಿಲು, ತಾಮ್ರದ ಸರಳು.
ಪಕ್ಕದ ಪಗಾರೆ ಕೇಳಿದ, ತುಳಸಿ ನೆಡುತ್ತೀಯಾ?

ಈಗ ರಾತ್ರಿ ಹತ್ತೂವರೆ.
ಹೆಡ್‌ಫೋನಿನೊಳಗೆ ಅವಳ ಯುದ್ಧ,
ಹೊರಗೆ ಫ್ಯಾನಿನ ಸದ್ದು ಮಾತ್ರ, ಬೇರಿಂಗು ಚೆನ್ನಾಗಿದೆ.
ನಾನು ಮೀಟರು ಹಿಡಿದು ನೋಡಿದೆ,
ಹನ್ನೆರಡು ವೋಲ್ಟು, ಕದಲದೆ.
"ಸತ್ತೆ ಅಪ್ಪಾ," ಅಂದಳು, ನಗುತ್ತ,
"ಇನ್ನೊಂದು ಸುತ್ತು."

ನನ್ನ ಬೆರಳು ತಾನಾಗಿ ಎಣಿಸತೊಡಗಿತು.
ಒಂದು ಸುತ್ತು ತಪ್ಪಿದರೆ ಪೂರ್ತಿ ಬಿಚ್ಚಬೇಕು
ನನ್ನ ಕೆಲಸದಲ್ಲಿ.
"ಹನ್ನೊಂದಕ್ಕ ಮುಗಸು," ಅಂದೆ,
"ಐದಕ್ಕ ನೀರು ಬರತೈತಿ."