ತಾಯಿ ಕಡೆಯ ಹಸಿರು

ಮುದಗಲ್ಲಿನ ಕೋಟೆ ಕಂದಕದ ದಂಡೆಗೆ
ಮುಳ್ಳಿಗೆ ಮುಳ್ಳು ತಾಗಿಸಿ ನಿಂತಿದ್ದವು
ಬೊಂತೆಗಳ್ಳಿ, ಪಾಪಾಸುಕಳ್ಳಿ.
ಅಕ್ಕತಂಗಿ ಎಂದು ಬರೆದುಕೊಂಡೆ.

ಶಾವಂತ್ರಮ್ಮ ನಕ್ಕು ಉಗುರಿಂದ ಗೀರಿದಳು.
ಇದಕ್ಕೆ ಹಾಲು. ಅದಕ್ಕೆ ಬರೀ ಲೋಳೆ.
"ಬಿಸಿಲು ಒಂದ ಥರ ಅಂಗಿ ಹೊಲದೈತ್ರಿ,
ಒಳಗಿನ ಮೈ ಬ್ಯಾರೆ."

ಮೂರು ತಿಂಗಳಿಗೆ ಲ್ಯಾಬಿನ ಕಾಗದ ಬಂತು:
ಕ್ಲೋರೋಪ್ಲಾಸ್ಟಿನ ಉಂಗುರ,
ಒಂದೂವರೆ ಲಕ್ಷಕ್ಕೂ ಮಿಕ್ಕ ಅಕ್ಷರ,
ತಾಯಿಯಿಂದ ತಾಯಿಗೆ ಇಳಿದದ್ದು.
ಬೊಂತೆಯ ನಂಟು ಹೋಗಿ ಕೂಡಿದ್ದು
ತಿಪ್ಪೆಯಂಚಿನ ಔಡಲಕ್ಕೆ!

ಓದಿ ಹೇಳಿದೆ.
"ಅಪ್ಪನ ಸುದ್ದಿ ಇಲ್ಲೇನ್ರಿ ಅದರಾಗ?"
"ಇಲ್ಲ."
"ಹಂಗಾರ ನಮ್ಮ ಹುಡುಗಿ ಸಾಲಿ ದಾಖಲಿ ಇದ್ದಂಗ,"
ಅಂದವಳೇ ಕುಡಗೋಲು ಎತ್ತಿಕೊಂಡಳು.

ಅಂದು ಸಿಡಿದ ಹಾಲು
ಪುಸ್ತಕದ ಎರಡು ಹಾಳೆ ಅಂಟಿಸಿಬಿಟ್ಟಿದೆ.
ಅಕ್ಕತಂಗಿ ಎಂದದ್ದು ಅದರೊಳಗಿದೆ,
ಬಿಡಿಸಲು ಬರುತ್ತಿಲ್ಲ.